ಚಿಲಕ ಬಿದ್ದ ಮೇಲೆ



ಕಳೆದ ಸಂಚಿಕೆಯಲ್ಲಿ ಪ್ರೆಷರ್ ಕುಕ್ಕರಿನ ಸೀಟಿಯನ್ನು ಕುರಿತು ಬರೆದು ಮುಗಿಸುವಾಗ, ಈ ಸಲ ಫ್ರಿಜ್ಜಿನ ವಿಷಯ ಹೇಳುವೆನೆಂದು ಮಾತು ಕೊಟ್ಟಿದ್ದೆ. ಆ ಮಾತನ್ನು ಉಳಿಸಿಕೊಳ್ಳಲಾಗಲಿಲ್ಲ, ಮನ್ನಿಸಬೇಕು. ನಡುವೆ ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆದು, ನನ್ನ ಯೋಚನೆಯೆಲ್ಲ ಬಾಗಿಲ ಚಿಲಕದ ಸುತ್ತಲೇ ತಿರುಗತೊಡಗಿತು. ನಮ್ಮ ಹಾಗೆ ಊರು ಬಿಟ್ಟು ಬಂದು, ಬಾಡಿಗೆಯ ಫ್ಲ್ಯಾಟಿನಲ್ಲಿ ಸಂಸಾರ ಹೂಡಿ, ವರ್ಷಕ್ಕೊಮ್ಮೆ ಹಿರಿಯರನ್ನು ಕರೆಸಿಕೊಳ್ಳುವ ಯಾರ ಮನೆಯಲ್ಲಾದರೂ ಇದು ನಡೆಯಬಹುದಾದ್ದರಿಂದ, ಸಂಕೋಚ ಬಿಟ್ಟು ಬರೆಯುತ್ತಿದ್ದೇನೆ.

ನಮ್ಮ ತಾಯಿ ಅರಸೀಕೆರೆಯ ಕಡೆಯ ಹಳ್ಳಿಯವಳು. ಎರಡೂವರೆ ವರ್ಷದ ಮೊಮ್ಮಗನನ್ನು ನೋಡಿಕೊಳ್ಳಲೆಂದು ಈ ಬೇಸಿಗೆಯಲ್ಲಿ ಅಡ್ಯಾರಿಗೆ ಬಂದಳು. ಜೂನ್ ತಿಂಗಳಲ್ಲಿ ಶಾಲೆಗಳು ಬಾಗಿಲು ತೆರೆದವು. ಒಂದು ಮಧ್ಯಾಹ್ನ ನನ್ನಾಕೆ ದೊಡ್ಡ ಮಗಳನ್ನು ಶಾಲೆಯಿಂದ ಕರೆತರಲು ಹೋಗಿದ್ದಳು. ನಾನು ಎಂದಿನಂತೆ ಆಫೀಸಿನ ಕಡತಗಳ ನಡುವೆ ಇದ್ದೆ. ಚಿಕ್ಕವನು ಮಲಗಿದ್ದ. ಅವನು ಏಳುವ ಹೊತ್ತಿಗೆ ಸಿದ್ಧವಾಗಿರಲೆಂದು ತಾಯಿ ಸಣ್ಣ ಉರಿಯಲ್ಲಿ ಹಾಲಿಟ್ಟು, ಒಣಗಲು ಹಾಕಿದ್ದ ಬಟ್ಟೆಯೊಂದು ಮೆಟ್ಟಿಲ ಬಳಿ ಹಾರಿ ಬಿದ್ದದ್ದನ್ನು ತರಲು ಹೊಸಿಲು ದಾಟಿದಳು. ನಾಲ್ಕು ಹೆಜ್ಜೆ, ಅಷ್ಟೆ. ಮಧ್ಯಾಹ್ನವಾದರೆ ನಮ್ಮಲ್ಲಿ ಬೆಸೆಂಟ್ ನಗರದ ಕಡೆಯಿಂದ ಕಡಲ ಗಾಳಿ ಏಳುತ್ತದೆಯಷ್ಟೆ. ಆ ಗಾಳಿ ಬಾಗಿಲನ್ನು ದಢಾರನೆ ಮುಚ್ಚಿತು. ಬಾಗಿಲಿಗೆ ನೈಟ್ ಲ್ಯಾಚ್ ಇದೆ. ಒಳಗಿನಿಂದಾದರೆ ಹಿಡಿ ತಿರುಗಿಸಿದರೆ ಸಾಕು. ಹೊರಗಿನಿಂದ ಬೀಗದ ಕೈ ಇಲ್ಲದೆ ತೆರೆಯದು. ಕೈ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು, ಒಳಗೆ. ಮಗು ಒಳಗೆ, ಉರಿಯುವ ಒಲೆ ಒಳಗೆ, ಅಜ್ಜಿ ಹೊರಗೆ.

ಅವಳ ಬಳಿ ಫೋನು ಇಲ್ಲ. ತಮಿಳು ಬಾರದು. ಎದುರು ಮನೆಯ ಬಾಗಿಲು ಬಡಿದಳು. ಆ ಮನೆಯ ಪಾಟ್ಟಿ ಹೊರಗೆ ಬಂದರು. ತಾಯಿ ತನಗೆ ಗೊತ್ತಿದ್ದ ಮೂರು ತಮಿಳು ಮಾತುಗಳಲ್ಲಿ ಒಂದನ್ನು ಹಿಡಿದು "ಪಾಲ್, ಪಾಲ್" ಎಂದಳು. ಪಾಟ್ಟಿ ಪಾಪ, ಒಳಗೆ ಹೋಗಿ ಒಂದು ಲೋಟ ಹಾಲು ತಂದುಕೊಟ್ಟರು. ಆಮೇಲೆ ತಾಯಿ ಗಾಬರಿಯಲ್ಲಿ ಕನ್ನಡದಲ್ಲೇ "ಪಾಪು ಒಳಗೆ" ಎಂದು ಕೂಗಿಕೊಂಡಳಂತೆ. ಆ ಮಾತು ಎರಡು ಭಾಷೆಗೂ ಹತ್ತಿರದ್ದು. ಪಾಟ್ಟಿಗೆ ತಟ್ಟನೆ ಅರ್ಥವಾಯಿತು. ಅವರೇ ನನ್ನಾಕೆಗೆ ಫೋನು ಮಾಡಿದರು. ಕಾವಲುಗಾರ ಬಂದು ಹಿಡಿಯನ್ನು ಎಳೆದಾಡಿದ, ಆಗಲಿಲ್ಲ. ಆಟೋ ಹಿಡಿದು ನನ್ನಾಕೆ ಬರುವ ಹೊತ್ತಿಗೆ ಇಪ್ಪತ್ತೈದು ನಿಮಿಷ ಕಳೆದಿತ್ತು. ಅಷ್ಟೂ ಹೊತ್ತು ತಾಯಿ ಹೊಸಿಲ ಮೇಲೆ ಮಲಗಿದಂತೆ ಬಗ್ಗಿ, ಎಚ್ಚೆತ್ತು ಅಳುತ್ತ ಬಂದ ಮಗುವಿಗೆ ಬಾಗಿಲ ಕೆಳಗಿನ ಸಂದಿನಿಂದ ಗುಬ್ಬಚ್ಚಿಯ ಕತೆ ಹೇಳುತ್ತಿದ್ದಳಂತೆ. ಮಗು ಸಂದಿನಿಂದ ಬೆರಳು ತೂರಿಸಿತ್ತು. ಇವಳು ಆ ಬೆರಳನ್ನು ಬಿಟ್ಟಿರಲಿಲ್ಲ. ಹಾಗಾಗಿ ಅದು ಅಡುಗೆಮನೆಯ ಕಡೆಗೆ ಹೋಗಲಿಲ್ಲ. ಹಾಲು ಇಂಗಿ, ಪಾತ್ರೆ ಕರಿಯಾಗಿ, ಮನೆಯೆಲ್ಲ ಹೊಗೆ ತುಂಬಿತ್ತು. ದೇವರ ದಯೆ, ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ.

ಸಂಜೆ ನಾನು ಬಂದು ವಿಷಯ ತಿಳಿದು ಆಡಬಾರದ ಮಾತು ಆಡಿದೆ. "ಬೀಗದ ಕೈ ತಗೊಂಡು ಹೋಗೋಕಾಗಲಿಲ್ವ ಅಮ್ಮ? ಇಷ್ಟು ದಿನದಲ್ಲಿ ಅಷ್ಟೂ ತಿಳೀಲಿಲ್ವ?" ಎಂದೆ. ಅವಳು ಏನೂ ಹೇಳಲಿಲ್ಲ. ರಾತ್ರಿ ಊಟವಾದ ಮೇಲೆ, "ನಂಗೆ ಊರಿಗೆ ಟಿಕೆಟ್ ಮಾಡಿಸಿಬಿಡು ಕಣೋ. ಮಗೂನ ನನ್ನ ಕೈಗೆ ಕೊಡಬೇಡಿ" ಎಂದಳು. ಮರುದಿನ ಟಿಕೆಟ್ಟು ತೆಗೆಸಿದೆ, ಮನಸ್ಸಿಲ್ಲದೆ ತೆಗೆಸಿದೆ.

ಆ ಭಾನುವಾರ ನಮ್ಮ ಸೋದರಳಿಯ ಬಂದ. ಅವನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಹುಡುಗ. ಸಂಗತಿ ಕೇಳಿ, ತಿರುಪುಳಿ ತೆಗೆದುಕೊಂಡು ಚಿಲಕವನ್ನು ಬಿಚ್ಚಿ ತಾಯಿಯ ಮುಂದೆಯೇ ನೆಲದ ಮೇಲೆ ಹರಡಿದ. ನಾನು ಬಿ.ಎ. ಓದಿದವನು, ಇತಿಹಾಸ, ರಾಜ್ಯಶಾಸ್ತ್ರ ಬಿಟ್ಟರೆ ಬೇರೆ ಶಾಸ್ತ್ರ ಅರಿಯದವನು. ಆದರೂ ಅಂದು ಕಂಡದ್ದು ನನಗೂ ತಿಳಿಯಿತು, ತಾಯಿಗೂ ತಿಳಿಯಿತು. ಆದ್ದರಿಂದ ನಿಮಗೂ ತಿಳಿದೀತು.

ನಮ್ಮ ಊರಿನ ಮನೆಯ ಬಾಗಿಲಿಗೆ ಇರುವುದು ಅಗುಳಿ. ಗೋಡೆಯೊಳಗಿನ ಗೂಡಿನಿಂದ ಉದ್ದನೆಯ ಮರದ ದಿಮ್ಮಿಯನ್ನು ಎಳೆದು ಕದದ ಹಿಂದೆ ಅಡ್ಡ ನಿಲ್ಲಿಸಬೇಕು. ಯಾರಾದರೂ ಎಳೆದರೆ ಮಾತ್ರ ಅದು ಬೀಳುತ್ತದೆ. ಎಂಥ ಗಾಳಿ ಬೀಸಲಿ, ಕದ ಬಡಿದುಕೊಳ್ಳಬಹುದೇ ಹೊರತು ಅಗುಳಿ ತಾನಾಗಿ ಬೀಳದು. ಹಾಕುವುದಕ್ಕೂ ಮನುಷ್ಯನ ಕೈ ಬೇಕು, ತೆಗೆಯುವುದಕ್ಕೂ ಮನುಷ್ಯನ ಕೈ ಬೇಕು. ಎಪ್ಪತ್ತು ವರ್ಷ ಅಂಥ ಬಾಗಿಲಿನಲ್ಲಿ ಓಡಾಡಿದವಳಿಗೆ, ಬಾಗಿಲು ತಾನಾಗಿಯೇ ಮುಚ್ಚಿ ತಾನಾಗಿಯೇ ಭದ್ರವಾಗುತ್ತದೆಂದು ಹೇಳಿಕೊಡಬೇಕಾಗಿದ್ದವನು ನಾನು. ಹೇಳಿಕೊಟ್ಟಿರಲಿಲ್ಲ.

ನೈಟ್ ಲ್ಯಾಚಿನ ಗುಟ್ಟು ಅದರ ನಾಲಗೆಯಲ್ಲಿದೆ. ಹಿತ್ತಾಳೆಯ ಆ ನಾಲಗೆಯ ಒಂದು ಬದಿ ಓರೆಯಾಗಿ ಇಳಿಜಾರಾಗಿರುತ್ತದೆ, ಇನ್ನೊಂದು ಬದಿ ನೇರ. ಹಿಂದೆ ಒಂದು ಸ್ಪ್ರಿಂಗು ಅದನ್ನು ಸದಾ ಹೊರಗೆ ತಳ್ಳುತ್ತಿರುತ್ತದೆ. ಬಾಗಿಲು ಮುಚ್ಚುವಾಗ ಓರೆಯ ಬದಿ ಚೌಕಟ್ಟಿನ ತಗಡಿಗೆ ತಾಕಿ ಜಾರುತ್ತದೆ. ನಾಲಗೆ ಒಳಗೆ ಸರಿಯುತ್ತದೆ. ಕದ ಪೂರ್ತಿ ಕೂತೊಡನೆ ಎದುರಿಗೆ ತೂತು ಸಿಕ್ಕಿ ಸ್ಪ್ರಿಂಗು ನಾಲಗೆಯನ್ನು ಅದರೊಳಕ್ಕೆ ನೂಕಿಬಿಡುತ್ತದೆ. ಈಗ ಕದವನ್ನು ಹಿಂದಕ್ಕೆ ಎಳೆದರೆ ಚೌಕಟ್ಟಿಗೆ ತಾಕುವುದು ನೇರದ ಬದಿ. ಅದು ಜಾರುವುದಿಲ್ಲ. ಎಂದರೆ, ಮುಚ್ಚುವುದಕ್ಕೆ ಗಾಳಿ ಸಾಕು, ತೆರೆಯುವುದಕ್ಕೆ ಕೈ ಬೇಕು. ಒಂದು ಕಡೆಗೆ ಸುಲಭ, ಇನ್ನೊಂದು ಕಡೆಗೆ ಕಠಿಣ.

"ಅಜ್ಜಿ, ಇದನ್ನೇ ನಾವು ಕಾಲೇಜಿನಲ್ಲಿ ಲ್ಯಾಚ್ ಅಂತ ಓದೋದು. ಅಲ್ಲಿ ಹಿತ್ತಾಳೆ ಇಲ್ಲ, ಕರೆಂಟು ಇದೆ" ಎಂದ ಹುಡುಗ. ಅಲ್ಲಿಂದ ಮಾತು ಬೆಳೆಯಿತು.

ಚಿಲಕ ಎಂದರೇನು? ಕೈ ತೆಗೆದ ಮೇಲೂ, ಕೈ ಮಾಡಿದ ಕೆಲಸವನ್ನು ಹಿಡಿದಿಡುವಂಥದು. ಮನೆಯ ಕರೆಗಂಟೆಯ ಗುಂಡಿಯನ್ನು ನೋಡಿ: ಒತ್ತಿದಷ್ಟು ಹೊತ್ತು ಬಾರಿಸುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅದಕ್ಕೆ ಹಿಡಿದಿಡುವ ಗುಣವಿಲ್ಲ. ದೀಪದ ಸ್ವಿಚ್ಚನ್ನು ನೋಡಿ: ಒಮ್ಮೆ ಒತ್ತಿ ನಾವು ಹೋಗಿ ಊಟಕ್ಕೆ ಕೂತರೂ ದೀಪ ಉರಿಯುತ್ತಲೇ ಇರುತ್ತದೆ. ಅದಕ್ಕೆ ಎರಡು ನೆಲೆಗಳುಂಟು. ಯಾವ ನೆಲೆಯಲ್ಲಿ ಬಿಟ್ಟೆವೋ ಆ ನೆಲೆಯಲ್ಲಿ ನಿಲ್ಲುತ್ತದೆ. ನನ್ನಂಥ ಗುಮಾಸ್ತನ ಜೇಬಿನ ಪೆನ್ನು ಇನ್ನೂ ಚತುರ: ಒಮ್ಮೆ ಒತ್ತಿದರೆ ಮೊನೆ ಹೊರಗೆ, ಅದೇ ಗುಂಡಿಯನ್ನು ಮತ್ತೆ ಒತ್ತಿದರೆ ಒಳಗೆ. ಹಿಂದೆ ಎಲ್ಲಿದ್ದೆನೆಂಬುದನ್ನು ಅದು ನೆನಪಿಟ್ಟುಕೊಂಡಿದ್ದರಿಂದಲ್ಲವೆ, ಒಂದೇ ಒತ್ತಿಗೆ ಎರಡು ಬಗೆಯ ಫಲ?

ವಿದ್ಯುತ್ತಿನ ಚಿಲಕಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. ನಿಮ್ಮ ಕಟ್ಟಡದ ಬೋರ್‌ವೆಲ್ ಪಂಪಿನ ಸ್ಟಾರ್ಟರ್ ಪೆಟ್ಟಿಗೆಯನ್ನು ಒಮ್ಮೆ ನೋಡಿ ಬನ್ನಿ. ಹಸಿರು ಗುಂಡಿ, ಕೆಂಪು ಗುಂಡಿ. ಹಸಿರನ್ನು ಕಾವಲುಗಾರ ಒತ್ತಿ ಬಿಟ್ಟುಬಿಡುತ್ತಾನೆ. ಪಂಪು ಓಡುತ್ತಲೇ ಇರುತ್ತದೆ. ಹೇಗೆಂದರೆ, ಗುಂಡಿ ಒತ್ತಿದಾಗ ಒಳಗಿನ ತಂತಿಯ ಸುರುಳಿಯಲ್ಲಿ ಕರೆಂಟು ಹರಿದು ಅದು ಅಯಸ್ಕಾಂತವಾಗುತ್ತದೆ. ಆ ಅಯಸ್ಕಾಂತ ಕಬ್ಬಿಣದ ತುಂಡೊಂದನ್ನು ಸೆಳೆದು ಪಂಪಿಗೆ ಹೋಗುವ ಸಂಪರ್ಕಗಳನ್ನು ಮುಚ್ಚುತ್ತದೆ. ಜೊತೆಗೆ ಇನ್ನೊಂದು ಪುಟ್ಟ ಸಂಪರ್ಕವನ್ನೂ ಮುಚ್ಚುತ್ತದೆ. ಆ ಪುಟ್ಟ ಸಂಪರ್ಕ ಹಸಿರು ಗುಂಡಿಯ ಪಕ್ಕದ ಇನ್ನೊಂದು ದಾರಿ. ಬೆರಳು ತೆಗೆದರೂ ಆ ದಾರಿಯಿಂದ ಸುರುಳಿಗೆ ಕರೆಂಟು ಸಿಗುತ್ತಲೇ ಇರುತ್ತದೆ. ಎಂದರೆ, ಸುರುಳಿ ತನ್ನನ್ನು ತಾನೇ ಹಿಡಿದುಕೊಂಡಿದೆ. ಕೆಂಪು ಗುಂಡಿ ಆ ದಾರಿಯನ್ನು ಒಂದು ಕ್ಷಣ ಕಡಿದರೆ ಸಾಕು, ಹಿಡಿತ ಬಿಟ್ಟುಹೋಗುತ್ತದೆ.

೨೦೨೩ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಚೆನ್ನೈಯ ಎಷ್ಟೋ ಬಡಾವಣೆಗಳಲ್ಲಿ ಕರೆಂಟು ಹೋದದ್ದು ನಿಮಗೆ ನೆನಪಿರಬಹುದು. ನಮ್ಮಲ್ಲಿ ಅದು ಮರಳಿ ಬಂದದ್ದು ನಡುರಾತ್ರಿ. ದೀಪಗಳು ತಾವಾಗಿ ಹೊತ್ತಿಕೊಂಡವು, ಫ್ಯಾನುಗಳು ತಿರುಗಿದವು. ಪಂಪು ಮಾತ್ರ ಓಡಲಿಲ್ಲ. ಬೆಳಗ್ಗೆ ಮೇಲಿನ ತೊಟ್ಟಿ ಬರಿದು. ಪಂಪು ಕೆಟ್ಟಿತೆಂದು ಎಲ್ಲರೂ ಗೊಣಗಿದೆವು. ಅದು ಕೆಟ್ಟಿರಲಿಲ್ಲ. ಕರೆಂಟು ಹೋದಾಗ ಸುರುಳಿ ಹಿಡಿತ ಬಿಟ್ಟಿತ್ತು. ಮತ್ತೆ ಹಸಿರು ಗುಂಡಿ ಒತ್ತುವವರೆಗೆ ಅದು ಓಡದು. ಹಾಗೆ ಮಾಡಿರುವುದು ಬೇಕೆಂದೇ. ಕರೆಂಟು ಇಲ್ಲದ ಹೊತ್ತಿನಲ್ಲಿ ಯಾರಾದರೂ ಪಂಪಿನ ಬಳಿ ಕೈಯಿಟ್ಟು ಕೆಲಸ ಮಾಡುತ್ತಿದ್ದರೆ, ಕರೆಂಟು ಬಂದೊಡನೆ ಅದು ತಿರುಗಿಬಿಟ್ಟರೆ ಗತಿಯೇನು? ಆದ್ದರಿಂದ ಚಿಲಕ ಮಾಡುವವನು ಒಂದು ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಬೇಕು: ಹಿಡಿತ ತಪ್ಪಿದರೆ ಇದು ಯಾವ ಕಡೆಗೆ ಬೀಳಬೇಕು? ಪಂಪು ನಿಂತ ಕಡೆಗೆ ಬೀಳುವುದು ಕ್ಷೇಮ. ದೊಡ್ಡ ಕಟ್ಟಡಗಳಲ್ಲಿ ಕಾರ್ಡು ತೋರಿಸಿ ತೆರೆಯುವ ಬಾಗಿಲುಗಳು ಉಂಟಲ್ಲ, ಅವುಗಳಲ್ಲಿ ವಿದ್ಯುತ್ ಅಯಸ್ಕಾಂತದಿಂದ ಹಿಡಿದಿಟ್ಟಿರುವಂಥವು ಕರೆಂಟು ಹೋದರೆ ತೆರೆದುಕೊಳ್ಳುತ್ತವೆ. ಬೆಂಕಿ ಬಿದ್ದಾಗ ಒಳಗಿನವರು ಹೊರಗೆ ಓಡಬೇಕಲ್ಲ! ನಮ್ಮ ಮನೆಯ ಬಾಗಿಲೋ, ಯಾರೂ ಹಿಡಿಯದಿದ್ದಾಗ ಮುಚ್ಚಿದ ಕಡೆಗೆ ಬೀಳುವಂಥದು. ಕಳ್ಳನಿಗೆ ಅದು ಸರಿ. ಅಜ್ಜಿ-ಮಗುವಿಗೆ ಸರಿಯಲ್ಲ.

ಇನ್ನು ಕಬ್ಬಿಣ, ಸುರುಳಿ, ಸ್ಪ್ರಿಂಗು ಯಾವುದೂ ಅಲುಗದ ಚಿಲಕ. ೧೯೧೮ರಲ್ಲಿ ಇಂಗ್ಲೆಂಡಿನ ಎಕ್ಲ್ಸ್ ಮತ್ತು ಜೋರ್ಡನ್ ಎಂಬ ಇಬ್ಬರು ಅದಕ್ಕೆ ಪೇಟೆಂಟ್ ಬೇಡಿದರು. ಆಗಿನ ರೇಡಿಯೋಗಳಲ್ಲಿದ್ದಂಥ ಎರಡು ವಾಲ್ವುಗಳನ್ನು ಅಡ್ಡಡ್ಡವಾಗಿ ಜೋಡಿಸಿದರು: ಒಂದರ ಫಲ ಇನ್ನೊಂದಕ್ಕೆ ತಡೆ, ಇನ್ನೊಂದರ ಫಲ ಮೊದಲನೆಯದಕ್ಕೆ ತಡೆ. ಒಂದು ಹರಿಯುತ್ತಿದ್ದರೆ ಇನ್ನೊಂದನ್ನು ಹರಿಯಗೊಡದು. ೧೯೪೭ರಲ್ಲಿ ಟ್ರಾನ್ಸಿಸ್ಟರು ಬಂದ ಮೇಲೆ ವಾಲ್ವಿನ ಜಾಗಕ್ಕೆ ಅದು ಕುಳಿತಿತು. ಹಂಚಿಕೆ ಮಾತ್ರ ಬದಲಾಗಲಿಲ್ಲ.

ಇದನ್ನು ತಾಯಿಗೆ ತಿಳಿಸಲು ಹುಡುಗ ಒಂದು ಆಟ ಆಡಿಸಿದ. ನೀವೂ ಮನೆಯಲ್ಲಿ ಆಡಿ ನೋಡಬಹುದು, ಖರ್ಚಿಲ್ಲ. ಅಜ್ಜಿಯನ್ನೂ ನಮ್ಮ ಎಂಟು ವರ್ಷದ ಮಗಳನ್ನೂ ಎದುರುಬದುರಾಗಿ ಕೂರಿಸಿದ. ನಿಯಮ ಇಷ್ಟೆ: ಎದುರಿನವರ ಕೈ ಮೇಲಿದ್ದರೆ ನಿಮ್ಮ ಕೈ ಕೆಳಗಿರಬೇಕು. ಯಾರಾದರೂ ನಿಮ್ಮ ಭುಜ ಮುಟ್ಟಿಕೊಂಡಿರುವಷ್ಟು ಹೊತ್ತೂ ನಿಮ್ಮ ಕೈ ಕೆಳಗಿರಬೇಕು. ಈ ಎರಡೂ ಇಲ್ಲದಾಗ ಮಾತ್ರ ಕೈ ಮೇಲೆತ್ತಬೇಕು.

ಹುಡುಗ ಅಜ್ಜಿಯ ಭುಜ ಮುಟ್ಟಿದ. ಅಜ್ಜಿ ಕೈ ಇಳಿಸಿದಳು. ಎದುರಿನ ಕೈ ಕೆಳಗಿರುವುದನ್ನು ಕಂಡು ಮೊಮ್ಮಗಳು ಕೈ ಎತ್ತಿದಳು. ಈಗ ಹುಡುಗ ತನ್ನ ಕೈಯನ್ನು ಭುಜದಿಂದ ತೆಗೆದುಬಿಟ್ಟ. ಏನಾಯಿತು? ಏನೂ ಆಗಲಿಲ್ಲ! ಮೊಮ್ಮಗಳ ಕೈ ಮೇಲಿರುವುದರಿಂದ ಅಜ್ಜಿಯ ಕೈ ಕೆಳಗೇ ಉಳಿಯಿತು; ಅಜ್ಜಿಯ ಕೈ ಕೆಳಗಿರುವುದರಿಂದ ಮೊಮ್ಮಗಳ ಕೈ ಮೇಲೆಯೇ ಉಳಿಯಿತು. ಮುಟ್ಟಿದವನು ಹೋದರೂ, ಮುಟ್ಟಿದ್ದು ಯಾರನ್ನೆಂಬುದು ಅವರಿಬ್ಬರ ಕೈಯಲ್ಲಿ ಬರೆದಿಟ್ಟ ಹಾಗೆ ನಿಂತಿತು. ಆಮೇಲೆ ಮೊಮ್ಮಗಳ ಭುಜ ಮುಟ್ಟಿದ. ಅವಳ ಕೈ ಇಳಿಯಿತು, ಅಜ್ಜಿಯ ಕೈ ಏರಿತು. ಅದೂ ಹಾಗೆಯೇ ನಿಂತಿತು. ಒಂದು ಭುಜಕ್ಕೆ ಅವರು ಸೆಟ್ ಎನ್ನುತ್ತಾರೆ, ಇನ್ನೊಂದಕ್ಕೆ ರೀಸೆಟ್. ಒಬ್ಬರ ಕೈ ಮೇಲಿದ್ದರೆ 'ಒಂದು', ಕೆಳಗಿದ್ದರೆ 'ಸೊನ್ನೆ'. ಕಂಪ್ಯೂಟರಿನ ನೆನಪು ಎಂಬುದಕ್ಕೆ ತಳಹದಿಯಾದ ಒಂದು ಬಗೆ ಇದೇ.

"ಇಬ್ಬರನ್ನೂ ಒಟ್ಟಿಗೇ ಮುಟ್ಟಿದರೆ?" ಎಂದು ಕೇಳಿದವಳು ನಮ್ಮ ತಾಯಿ. ಹುಡುಗ ಬೆರಗಾದ. ಮುಟ್ಟಿ ತೋರಿಸಿದ. ಇಬ್ಬರ ಕೈಗಳೂ ಕೆಳಗೆ. ಒಂದೇ ಕ್ಷಣಕ್ಕೆ ಎರಡೂ ಭುಜ ಬಿಟ್ಟ. ಇಬ್ಬರೂ ಕೈ ಎತ್ತಿದರು, ಎದುರಿನ ಕೈ ಕಂಡು ಇಬ್ಬರೂ ಇಳಿಸಿದರು, ಮತ್ತೆ ಎತ್ತಿದರು. ಕೊನೆಗೆ ಅಜ್ಜಿ ಸ್ವಲ್ಪ ತಡಮಾಡಿದ್ದರಿಂದ ಮೊಮ್ಮಗಳ ಕೈ ಮೇಲೆ ನಿಂತಿತು. ಇನ್ನೊಮ್ಮೆ ಆಡಿದ್ದರೆ ಅಜ್ಜಿಯದು ನಿಲ್ಲಬಹುದಿತ್ತು. ಯಾರು ಗೆಲ್ಲುವರೆಂದು ಮೊದಲೇ ಹೇಳಲಾಗದು. ಆದ್ದರಿಂದಲೇ ಮಂಡಲ ರಚಿಸುವವರು, ಎರಡು ಅಪ್ಪಣೆಗಳು ಒಟ್ಟಿಗೆ ಬರುವಂತಿಲ್ಲ ಎಂದು ಕಟ್ಟು ಹಾಕುತ್ತಾರಂತೆ. ಇಬ್ಬರು ಮೇಲಧಿಕಾರಿಗಳು ಒಂದೇ ಕಡತಕ್ಕೆ ಎರಡು ಅಪ್ಪಣೆ ಕೊಟ್ಟಾಗ ಏನಾಗುತ್ತದೆಂದು ಬಲ್ಲ ನನಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಅಷ್ಟರಲ್ಲಿ ಮಗಳು ನೀರು ಕುಡಿಯಲು ಎದ್ದು ಹೋದಳು. ಆಟ ಮುಗಿಯಿತು, ಯಾರ ಕೈ ಮೇಲಿತ್ತೆಂಬುದೂ ಅಳಿಸಿಹೋಯಿತು. ಕರೆಂಟು ಹೋದಾಗ ಇಂಥ ಚಿಲಕಕ್ಕೆ ಆಗುವುದು ಅದೇ.

ಇದಕ್ಕೆ ಇನ್ನೊಂದು ಸುಧಾರಣೆಯುಂಟು. ನಮ್ಮ ಆಫೀಸಿನಲ್ಲಿ ಟಪ್ಪಾಲು ತೆಗೆದುಕೊಳ್ಳುವ ಕಿಟಕಿ ತೆರೆದಿರುವಷ್ಟು ಹೊತ್ತು ಬಂದ ಕಾಗದವೆಲ್ಲ ದಾಖಲೆ ಪುಸ್ತಕಕ್ಕೆ ಏರುತ್ತದೆ. ಕಿಟಕಿ ಮುಚ್ಚಿದ ಮೇಲೆ ಹೊರಗೆ ಎಷ್ಟು ಜನ ಕೂಗಿದರೂ ಪುಸ್ತಕದ ಕೊನೆಯ ಸಾಲು ಬದಲಾಗದು. ಹಾಗೆಯೇ ಲ್ಯಾಚಿಗೂ ಒಂದು ಕಿಟಕಿ ಇಡುತ್ತಾರೆ. ಅದು ತೆರೆದಿರುವಾಗ ಹೊರಗಿನ ಸೊನ್ನೆಯೋ ಒಂದೋ ಒಳಗೆ ಬರುತ್ತದೆ. ಮುಚ್ಚಿದಾಗ ಕೊನೆಗೆ ಬಂದದ್ದು ಹಾಗೆಯೇ ಉಳಿಯುತ್ತದೆ. ಕಂಪ್ಯೂಟರಿನ ಗಡಿಯಾರ ಈ ಕಿಟಕಿಗಳನ್ನು ತಾಳಕ್ಕೆ ಸರಿಯಾಗಿ ತೆರೆದು ಮುಚ್ಚುತ್ತಿರುತ್ತದೆ. ಅದರಿಂದ ಎಲ್ಲರೂ ಒಟ್ಟಿಗೆ ಹೆಜ್ಜೆ ಹಾಕುತ್ತಾರೆ.

ಕಂಪ್ಯೂಟರಿನ ಮಿದುಳಿಗೆ ಅಂಟಿಕೊಂಡಿರುವ ಅತಿ ವೇಗದ ನೆನಪಿನಲ್ಲಿ, ಸಾಮಾನ್ಯವಾಗಿ ಒಂದೊಂದು ಸೊನ್ನೆ-ಒಂದಕ್ಕೆ ಆರು ಟ್ರಾನ್ಸಿಸ್ಟರುಗಳಿರುತ್ತವೆ. ನಾಲ್ಕು, ಆ ಅಜ್ಜಿ-ಮೊಮ್ಮಗಳ ಜೋಡಿಗೆ, ಎರಡು, ಬಾಗಿಲಿಗೆ. ಕನ್ನಡದ ಲೆಕ್ಕದಲ್ಲಿ ಹೇಳುವುದಾದರೆ, "ಅಮ್ಮ" ಎಂಬ ಮಾತನ್ನು ಫೋನಿನಲ್ಲಿ ಒತ್ತಿದರೆ ಅ, ಮ, ವಿರಾಮ ಚಿಹ್ನೆ, ಮತ್ತೊಂದು ಮ ಎಂದು ನಾಲ್ಕು ಸಂಕೇತಗಳಾಗುತ್ತವೆ. ಈಗ ಬಳಕೆಯಲ್ಲಿರುವ ಯುಟಿಎಫ್-೮ ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟು, ಒಟ್ಟು ೧೨ ಬೈಟು. ಬೈಟಿಗೆ ಎಂಟರಂತೆ ೯೬ ಸೊನ್ನೆ-ಒಂದುಗಳು. ಅಂಥ ನೆನಪಿನಲ್ಲಿ ಇಟ್ಟರೆ ೯೬ ಚಿಲಕಗಳು, ೫೭೬ ಟ್ರಾನ್ಸಿಸ್ಟರುಗಳು ಬೇಕಾಗುತ್ತವೆ, ಅಮ್ಮನ ಹೆಸರನ್ನು ಹಿಡಿದಿಡಲು! ಇಂಥದನ್ನು ಮಾಡುವವರು ದೂರದ ದೇಶದವರು ಮಾತ್ರ ಎಂದುಕೊಳ್ಳಬೇಡಿ. ನಮ್ಮ ಮಗ್ಗುಲಲ್ಲೇ, ಜಿಂಕೆಗಳು ಓಡಾಡುವ ಕಾಡಿನೊಳಗೆ ೧೯೫೯ರಲ್ಲಿ ನೆಲೆಗೊಂಡ ಮದ್ರಾಸ್ ಐ.ಐ.ಟಿ.ಯವರು 'ಶಕ್ತಿ' ಎಂಬ ಸಂಸ್ಕಾರಕವನ್ನು ರಚಿಸಿದರು. ೨೦೧೮ರಲ್ಲಿ ಅದರ ಚಿಪ್ಪು ಚಂಡೀಗಢದ ಸೆಮಿ ಕಂಡಕ್ಟರ್ ಲ್ಯಾಬೊರೇಟರಿಯಲ್ಲಿ ತಯಾರಾಯಿತು. ಸರ್ದಾರ್ ಪಟೇಲ್ ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ ಆ ಗೋಡೆಯಾಚೆಗೆ ಎಂಥ ಚಿಲಕಗಳ ಕೆಲಸ ನಡೆಯುತ್ತಿದೆಯೆಂದು ನಾನು ಎಂದೂ ಯೋಚಿಸಿದವನಲ್ಲ.

ನಾನೇ ಒಂದು ದಿನ ಚಿಲಕ ಕಾಯುವ ಕೆಲಸ ಮಾಡಿದ್ದುಂಟು. ೨೦೨೪ರ ಏಪ್ರಿಲ್ ೧೯ರಂದು ತಮಿಳುನಾಡಿನಲ್ಲಿ ಲೋಕಸಭೆಯ ಮತದಾನ. ಸರ್ಕಾರಿ ನೌಕರನಾದ್ದರಿಂದ ನನಗೂ ಚುನಾವಣೆಯ ಕೆಲಸ ಬಿತ್ತು. ಮತಯಂತ್ರದ ನಿಯಂತ್ರಣ ಪೆಟ್ಟಿಗೆಯ ಮುಂದೆ ಕೂರಿಸಿದರು. ಮತದಾರನ ಬೆರಳಿನ ಶಾಯಿ ನೋಡಿ, ಚೀಟಿ ಪಡೆದು, ನಾನು 'ಬ್ಯಾಲಟ್' ಗುಂಡಿ ಒತ್ತಬೇಕು. ನನ್ನ ಪೆಟ್ಟಿಗೆಯಲ್ಲಿ ಕೆಂಪು ದೀಪ, ಮರೆಯಲ್ಲಿರುವ ಮತ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತುತ್ತವೆ. ಮತದಾರ ತನಗೆ ಬೇಕಾದ ನೀಲಿ ಗುಂಡಿ ಒತ್ತುತ್ತಾನೆ. ಪಕ್ಕದ ಪೆಟ್ಟಿಗೆಯ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ಕಾಣಿಸಿ ಬೀಳುತ್ತದೆ, ಬೀಪ್ ಎಂದು ಸದ್ದಾಗುತ್ತದೆ. ಅಲ್ಲಿಗೆ ಚಿಲಕ ಬಿತ್ತು. ಇನ್ನು ಅವನು ಹತ್ತು ಸಲ ಒತ್ತಲಿ, ಬೇರೆ ಗುಂಡಿ ಒತ್ತಲಿ, ನಾನು ಮತ್ತೆ ನನ್ನ ಗುಂಡಿ ಒತ್ತುವವರೆಗೆ ಯಂತ್ರ ಕಿವಿಗೊಡದು. ಮೊದಲ ಒತ್ತೇ ನಿಜ, ಉಳಿದದ್ದು ಗಾಳಿ. ಒಬ್ಬನಿಗೆ ಒಂದೇ ಮತ ಎಂಬ ಮಾತನ್ನು ಅಲ್ಲಿ ಕಾಯುತ್ತಿರುವುದು ಇಂಥದೊಂದು ನಡತೆ.

ಈ ಯಂತ್ರಗಳನ್ನು ಮಾಡುವವರಲ್ಲಿ ಒಂದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಇನ್ನೊಂದು ಹೈದರಾಬಾದಿನ ಇ.ಸಿ.ಐ.ಎಲ್. ಕೇರಳದ ಪರವೂರಿನಲ್ಲಿ ೧೯೮೨ರಲ್ಲಿ ಮೊದಲು ಬಳಸಿದರು. ಕಾನೂನಿನಲ್ಲಿ ಅದಕ್ಕೆ ಎಡೆಯಿಲ್ಲವೆಂದು ಸುಪ್ರೀಂ ಕೋರ್ಟು ೧೯೮೪ರಲ್ಲಿ ಆ ಮತದಾನವನ್ನು ತಳ್ಳಿಹಾಕಿತು. ೧೯೮೮ರಲ್ಲಿ ಕಾನೂನನ್ನೇ ತಿದ್ದಿದರು. ೨೦೦೧ರ ತಮಿಳುನಾಡು ವಿಧಾನಸಭಾ ಚುನಾವಣೆ ಪೂರ್ತಿಯಾಗಿ ಈ ಯಂತ್ರಗಳಲ್ಲೇ ನಡೆಯಿತು. ಇಲ್ಲಿ ಇನ್ನೊಂದು ಮಾತು: ಬ್ಯಾಟರಿ ತೆಗೆದರೂ ಎಣಿಕೆ ಅಳಿಯದಂಥ ಬೇರೆ ಬಗೆಯ ನೆನಪು ಅದರಲ್ಲಿದೆ. ಅಜ್ಜಿ-ಮೊಮ್ಮಗಳ ಆಟದ ಹಾಗೆ ಎದ್ದು ಹೋದೊಡನೆ ಮರೆಯುವಂತಿದ್ದರೆ ಪ್ರಜಾಪ್ರಭುತ್ವ ನಡೆಯುತ್ತಿತ್ತೆ?

ಸಂಜೆಯಾಯಿತು. ಹುಡುಗ ಚಿಲಕವನ್ನು ಮತ್ತೆ ಕೂಡಿಸುತ್ತ, ಅದರ ಒಳಬದಿಯಲ್ಲಿರುವ ಸಣ್ಣ ಗುಂಡಿಯೊಂದನ್ನು ತಾಯಿಗೆ ತೋರಿಸಿದ. ಹಿಡಿ ತಿರುಗಿಸಿ ನಾಲಗೆಯನ್ನು ಒಳಕ್ಕೆಳೆದು ಆ ಗುಂಡಿಯನ್ನು ಸರಿಸಿದರೆ, ನಾಲಗೆ ಒಳಗೇ ಉಳಿಯುತ್ತದೆ. ಆಮೇಲೆ ಕದ ಎಷ್ಟು ಬಡಿದರೂ ಬೀಳದು. ಎಂದರೆ, ಚಿಲಕಕ್ಕೇ ಒಂದು ಚಿಲಕ! ಮೂರು ವರ್ಷದಿಂದ ಆ ಮನೆಯಲ್ಲಿದ್ದರೂ ಆ ಗುಂಡಿ ಏತಕ್ಕೆಂದು ನನಗೇ ಗೊತ್ತಿರಲಿಲ್ಲ. ತಾಯಿ ಎರಡು ಮೂರು ಸಲ ತಾನೇ ಮಾಡಿ ನೋಡಿದಳು. "ಬಾಗಿಲಿಗೆ ನೆನಪಿದೆ, ಬುದ್ಧಿ ಇಲ್ಲ ಅಷ್ಟೇ ಅಲ್ವೇನೋ? ಬುದ್ಧಿ ನಾವು ಇಟ್ಕೋಬೇಕು" ಎಂದಳು.

ಆಗ ನಾನು ಅವಳ ಬಳಿ ಕೂತು, ಅಂದು ಆಡಿದ ಮಾತಿಗೆ ತಪ್ಪಾಯಿತೆಂದು ಕೇಳಿಕೊಂಡೆ. ತಪ್ಪು ಅವಳದಲ್ಲ, ಮೂರು ವರ್ಷ ತಿಳಿಯದೆ ಇದ್ದ ನನ್ನದು ಎಂದೆ. ಅವಳು ಚಿಕ್ಕವನ ತಲೆ ಸವರುತ್ತ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಟಿಕೆಟ್ ವಾಪಸ್ ಕೊಟ್ರೆ ದುಡ್ಡು ಪೂರ್ತಿ ಬರುತ್ತೇನೋ?" ಎಂದು ಕೇಳಿದಳು. ಪೂರ್ತಿ ಬರಲಿಲ್ಲ, ಆದರೂ ಅಷ್ಟು ಸಂತೋಷದಿಂದ ನಾನು ಹಣ ಕಳೆದುಕೊಂಡದ್ದು ಇಲ್ಲ. ದೀಪಾವಳಿಯವರೆಗೆ ಇರುತ್ತಾಳೆ.

ಈಗ ನಮ್ಮ ಮನೆಯ ಏರ್ಪಾಟನ್ನು ಹೇಳುತ್ತೇನೆ. ನಿಮಗೂ ಉಪಯೋಗಕ್ಕೆ ಬಂದೀತು. ಹಗಲು ಹೊತ್ತು ಮನೆಯಲ್ಲಿ ಜನರಿರುವಾಗ ನೈಟ್ ಲ್ಯಾಚಿನ ನಾಲಗೆಯನ್ನು ಒಳಗೇ ನಿಲ್ಲಿಸಿರುತ್ತೇವೆ. ಭದ್ರತೆಗೆ ಕೈಯಿಂದ ಹಾಕುವ ಮಾಮೂಲು ಚಿಲಕ, ಅದೂ ಮಗುವಿನ ಕೈಗೆ ಎಟುಕದಷ್ಟು ಎತ್ತರದಲ್ಲಿ. ಬಾಗಿಲು ಬಡಿಯದಂತೆ ಕೆಳಗೊಂದು ಮರದ ಬೆಣೆ. ಬಚ್ಚಲುಮನೆಯ ಕೆಳಗಿನ ಚಿಲಕವನ್ನು ಕಳಚಿ, ಹೊರಗಿನಿಂದ ನಾಣ್ಯದಲ್ಲಿ ತಿರುಗಿಸಿ ತೆಗೆಯಬಹುದಾದಂಥದನ್ನು ಹಾಕಿಸಿದ್ದೇವೆ. ಮಕ್ಕಳು, ಮುದುಕರು ಇರುವ ಮನೆಗೆ ಇದು ಬಹಳ ಅಗತ್ಯ. ಇನ್ನೊಂದು ಬೀಗದ ಕೈ ಎದುರು ಮನೆಯ ಪಾಟ್ಟಿಯ ಬಳಿ ಇದೆ. ಒಲೆಯ ಮೇಲೆ ಏನಿದ್ದರೂ, ಹೊಸಿಲು ದಾಟುವ ಮುನ್ನ ಆರಿಸಿ ದಾಟುವುದು ಎಲ್ಲರಿಗೂ ನಿಯಮ. ತಾಯಿಯ ಸೆರಗಿಗೆ ಒಂದು ಫೋನು ಕಟ್ಟಬೇಕೆಂಬ ನನ್ನ ಆಸೆ ಮಾತ್ರ ಇನ್ನೂ ಕೈಗೂಡಿಲ್ಲ.

ಅದಕ್ಕಿಂತ ದೊಡ್ಡ ಏರ್ಪಾಟನ್ನು ತಾಯಿ ತಾನೇ ಮಾಡಿಕೊಂಡಿದ್ದಾಳೆ. ದಿನವೂ ಸಂಜೆ ಪಾಟ್ಟಿಯ ಜೊತೆ ಕೂತು ಒಂದೆರಡು ತಮಿಳು ಮಾತು ಕಲಿಯುತ್ತಾಳೆ. ಚಿಲಕಕ್ಕೆ 'ತಾಳ್‌ಪಾಳ್' ಎನ್ನುವುದು ಬಂದಿದೆ. ಬೀಗದ ಕೈಗೆ 'ಸಾವಿ' ಎಂದು ಪಾಟ್ಟಿ ಹೇಳಿಕೊಟ್ಟಾಗ, "ಅದೆಂಥ ಮಾತೋ, ಹೊತ್ತು ಮುಳುಗೋ ಹೊತ್ತಲ್ಲಿ!" ಎಂದು ನಕ್ಕಳು. ಪಾಟ್ಟಿಯೂ ಅವಳಿಂದ 'ಅಗುಳಿ' ಕಲಿತಿದ್ದಾರೆ.

ಈ ಬರಹವನ್ನು ಕಳುಹಿಸುವ ಮುನ್ನ ತಾಯಿಗೆ ಓದಿ ಹೇಳಿದೆ. "ಹಾಲು ಹೊತ್ತಿದ್ದು ಮಾತ್ರ ಬರೀಬೇಡ, ನಾಲ್ಕು ಜನ ಏನಂದಾರು" ಎಂದಳು. ಅದೊಂದು ಮಾತನ್ನು ನಾನು ನಡೆಸಿಕೊಡಲಿಲ್ಲ. ನಿಮ್ಮ ಮನೆಯ ಬಾಗಿಲನ್ನು ಇವತ್ತೇ ಒಮ್ಮೆ ನೋಡಿ. ಊರಿನಿಂದ ಬಂದ ಹಿರಿಯರಿದ್ದರೆ ಅವರ ಕೈಯಲ್ಲೇ ತೆಗೆಸಿ, ಹಾಕಿಸಿ. ಮುಂ��ಿನ ಸಂಚಿಕೆಯಲ್ಲಿ, ಮನೆಯ ಚಿಲಕಗಳು ಅನುವು ಮಾಡಿಕೊಟ್ಟರೆ, ಫ್ರಿಜ್ಜಿನ ವಿಷಯ.